ಶೂರಿಟಿ ಇಲ್ಲದ ಮನೆಯ ಓದು

2009ರ ಜೂನ್ ತಿಂಗಳ ಒಂದು ವಾರದಲ್ಲಿ ನಾನೂ ಅಮ್ಮನೂ ಐದು ಮನೆಗಳ ಮೆಟ್ಟಿಲು ಹತ್ತಿ ಇಳಿದೆವು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ಅರ್ಧ ಗಂಟೆ ನಡೆದರೆ ಸಿಗುವ ಗುಡ್ಡದ ಬದಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದರು. ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಕಟ್ಟಿದ ಬೀಡಿ ಕೊಟ್ಟು, ಎಲೆ, ಹೊಗೆಸೊಪ್ಪು, ನೂಲು ತರುತ್ತಿದ್ದರು. ಮಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಫೀಸು, ಹಾಸ್ಟೆಲು, ಪುಸ್ತಕ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 3,60,000 ರೂಪಾಯಿ ಬೇಕಾಗುತ್ತದೆಂದು ನಾವು ಒಂದು ನೋಟುಪುಸ್ತಕದ ಹಾಳೆಯಲ್ಲಿ ಲೆಕ್ಕ ಬರೆದು ಬ್ಯಾಂಕಿಗೆ ಕೊಂಡುಹೋಗಿದ್ದೆವು. ಅಲ್ಲಿದ್ದ ಅಧಿಕಾರಿ ಹಾಳೆಯನ್ನು ನೋಡಿ, ಅಂಕಪಟ್ಟಿಯನ್ನು ನೋಡಿ, ಮಾರ್ಕು ಒಳ್ಳೆಯದಿದೆ ಎಂದು ಹೇಳಿ, ಬಳಿಕ ಒಂದೇ ಮಾತು ಕೇಳಿದರು: ಶೂರಿಟಿ ಯಾರು ಹಾಕುತ್ತಾರೆ?

ಸಾಲಕ್ಕೆ ಜಾಮೀನು ನಿಲ್ಲಲು ತೀರ್ವೆ ರಶೀದಿ, ಅಂದರೆ ಭೂಮಿಯ ಕಂದಾಯದ ರಶೀದಿ, ತೋರಿಸಬಲ್ಲ ಒಬ್ಬರು, ಅಥವಾ ಸರ್ಕಾರಿ ಸಂಬಳದ ಒಬ್ಬರು ಬೇಕು ಎಂದರು. ನಮಗೆ ಗೊತ್ತಿದ್ದ ತೀರ್ವೆ ರಶೀದಿಗಳೆಲ್ಲ ಅಡಿಕೆ ತೋಟವಿದ್ದವರ ಮನೆಯಲ್ಲಿದ್ದವು. ಒಂದು ಮನೆಯಲ್ಲಿ ಚಹಾ ಕೊಟ್ಟು, ಮಗನನ್ನು ಕೇಳಿ ಹೇಳುತ್ತೇನೆ ಎಂದರು. ಇನ್ನೊಂದು ಮನೆಯಲ್ಲಿ ತೋಟ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದೆ, ಭಾಗವಾಗಿಲ್ಲ ಎಂದರು. ಅಪ್ಪ ಹದಿನೈದು ವರ್ಷ ಕೂಲಿಗೆ ಹೋಗಿದ್ದ ಮನೆಯವರು, ಹೆಣ್ಣು ಮಕ್ಕಳಿಗೆ ಇಷ್ಟು ಸಾಲ ಮಾಡಿ ಓದಿಸಿದರೆ ಮದುವೆಗೆ ಏನು ಮಾಡುತ್ತೀರಿ ಎಂದು ಅಮ್ಮನನ್ನೇ ಕೇಳಿದರು. ನಾಲ್ಕನೆಯ ಮನೆಯವರು ಎರಡು ದಿನ ಬಿಟ್ಟು ಬನ್ನಿ ಎಂದರು. ಎರಡು ದಿನ ಬಿಟ್ಟು ಹೋದಾಗ ಬಾಗಿಲು ಹಾಕಿತ್ತು. ಐದನೆಯದು ನನ್ನ ಸೋದರಮಾವನ ಮನೆ. ಆತ ನೇರವಾಗಿ, ನನ್ನಿಂದ ಆಗುವುದಿಲ್ಲ, ಬೇಸರ ಮಾಡಬೇಡ ಎಂದರು. ನಾನು ಬೇಸರ ಮಾಡಿದೆ. ಬಹಳ ವರ್ಷ ಮಾಡಿದೆ.

ಆ ಸೀಟು ಹೋಯಿತು. ನಾನು ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ, ಅಲ್ಲಿಯೇ ಹತ್ತಿರದಲ್ಲಿ ಬಿ.ಎಡ್. ಮುಗಿಸಿದೆ, ಈಗ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಈ ಬದುಕಿನ ಬಗ್ಗೆ ನನಗೆ ದೂರಿಲ್ಲ. ಆದರೆ ಹಲವು ವರ್ಷಗಳ ಬಳಿಕ, ನನ್ನ ತರಗತಿಯ ಒಬ್ಬಳು ಹುಡುಗಿಗಾಗಿ ಶಿಕ್ಷಣ ಸಾಲದ ನಿಯಮಗಳನ್ನು ಓದಲು ಕುಳಿತಾಗ ತಿಳಿದ ಒಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾಲ್ಕು ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳಬಾರದು ಎಂಬುದು ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 2009ಕ್ಕಿಂತ ಬಹಳ ಮೊದಲೇ ಇತ್ತು. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ನಾವು ಕೇಳಿದ್ದು 3,60,000. ಅಮ್ಮ ನನ್ನ ಪಕ್ಕದಲ್ಲೇ, ಆ ಮೇಜಿನ ಮುಂದೆಯೇ ಕುಳಿತಿದ್ದರು. ಬೇಕಾಗಿದ್ದ ಸಹಿ ಆ ಕೋಣೆಯಲ್ಲಿಯೇ ಇತ್ತು. ನಾವು ಅದನ್ನು ಹುಡುಕಿಕೊಂಡು ಐದು ಮನೆಗಳಿಗೆ ಹೋದೆವು.

ಅದೇ ವರ್ಷ, ಅಂದರೆ 2009–10ನೇ ಸಾಲಿನಿಂದ ಅನ್ವಯವಾಗುವಂತೆ, ವರ್ಷಕ್ಕೆ 4,50,000 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬದ ಮಕ್ಕಳು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ ಪಡೆದ ಸಾಲದ ಮೇಲೆ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ ಬಂದಿತ್ತು. ಸಾಲವೇ ಸಿಗದವಳಿಗೆ ಬಡ್ಡಿಯ ಸಹಾಯ ಎಲ್ಲಿಂದ ಸಿಗಬೇಕು?

ಬ್ಯಾಂಕಿನವರು ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಸಣ್ಣ ಶಾಖೆಯೊಂದರ ಅಧಿಕಾರಿಗೆ ಮರುಪಾವತಿಯಾಗದ ಸಾಲದ ಭಯ ಇರುತ್ತದೆ, ಅದು ಅವರ ದಾಖಲೆಯಲ್ಲಿ ಉಳಿಯುತ್ತದೆ, ಹಾಗಾಗಿ ನಿಯಮ ಬೇಡವೆಂದ ಕಡೆಯಲ್ಲೂ ಒಂದು ಸಹಿ ಹೆಚ್ಚಿಗೆ ಇರಲಿ ಎನ್ನಿಸುತ್ತದೆ. ಆದರೆ ಆ ಒಂದು ಹೆಚ್ಚಿನ ಸಹಿ ಯಾರನ್ನು ಹೊರಗಿಡುತ್ತದೆ ಎಂಬುದನ್ನು ನೋಡಬೇಕು. ತೋಟವಿದ್ದ ಮನೆಯ ಹುಡುಗನಿಗೆ ಶೂರಿಟಿ ಒಂದು ಫೋನ್ ಕರೆಯ ಕೆಲಸ. ಬೀಡಿ ಕಟ್ಟುವವರ, ಕೂಲಿಯವರ, ಗಂಡ ತೀರಿಕೊಂಡವರ ಮಕ್ಕಳಿಗೆ ಅದು ಬೇಡುವ ಕೆಲಸ. ಜಾಮೀನುದಾರನನ್ನು ಕೇಳುವಾಗ ಬ್ಯಾಂಕು ಅಳೆಯುವುದು ಓದುವ ಹುಡುಗಿಯನ್ನಲ್ಲ. ಅವಳ ಬಳಗದ ಆಸ್ತಿಯನ್ನು. ಸಾಲವೇ ಬೇಕಾಗದಷ್ಟು ಇರುವವರ ಹತ್ತಿರವೇ ಸಾಲಕ್ಕೆ ಬೇಕಾದ ಜಾಮೀನು ಇರುತ್ತದೆ ಎಂಬ ಈ ಸಂಕಟವನ್ನು ನಾನು ಹದಿನೆಂಟನೆಯ ವಯಸ್ಸಿನಲ್ಲಿ ಅನುಭವಿಸಿದೆ, ಆದರೆ ಅದನ್ನು ಹೇಳುವ ಮಾತು ಆಗ ನನ್ನಲ್ಲಿ ಇರಲಿಲ್ಲ.

ಸೋದರಮಾವನ ಬಗ್ಗೆಯೂ ಬರೆಯಬೇಕು, ಏಕೆಂದರೆ ಅವರ ಮೇಲಿನ ಸಿಟ್ಟು ತಪ್ಪಾಗಿತ್ತು. 1872ರ ಭಾರತೀಯ ಕರಾರು ಕಾಯಿದೆಯ 126ನೇ ಕಲಮು ಜಾಮೀನು ಎಂದರೇನೆಂದು ಹೇಳುತ್ತದೆ. 128ನೇ ಕಲಮು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಹೇಳುತ್ತದೆ. ನಮ್ಮ ಕಡೆಯಲ್ಲಿ ಶೂರಿಟಿ ಹಾಕುವುದೆಂದರೆ ಸಾಕ್ಷಿ ಹಾಕಿದ ಹಾಗೆ, ಒಂದು ಉಪಕಾರದ ಸಹಿ, ಎಂಬ ತಿಳಿವಳಿಕೆ ಇದೆ. ಹಾಗಲ್ಲ. ಸಾಲಗಾರ ಕಟ್ಟದಿದ್ದರೆ ಬ್ಯಾಂಕು ಮೊದಲು ಅವನನ್ನೇ ಕೊನೆಯವರೆಗೆ ಬೆನ್ನಟ್ಟಬೇಕೆಂದಿಲ್ಲ. ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು. ಮಾವ ಒಮ್ಮೆ ಗೆಳೆಯನೊಬ್ಬನ ಚಿಟ್ಟಿಗೆ, ಅಂದರೆ ಚೀಟಿ ಫಂಡಿಗೆ, ಶೂರಿಟಿ ನಿಂತು (ಚಿಟ್ಟಿ ಎತ್ತಿದವರು ಉಳಿದ ಕಂತುಗಳಿಗೆ ಜಾಮೀನು ಕೊಡಲೇಬೇಕು) ಎರಡು ವರ್ಷ ತನ್ನ ಅಡಿಕೆಯ ದುಡ್ಡಿನಿಂದ ಅವನ ಕಂತು ಕಟ್ಟಿದ್ದರೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅಂಥವರು ಮತ್ತೊಮ್ಮೆ ಸಹಿ ಹಾಕಲಿಲ್ಲವೆಂದು ದೂರುವುದು ನ್ಯಾಯವಲ್ಲ. ಸಂಬಂಧಿಕರ ಮನಸ್ಸು ಸಣ್ಣದು ಎಂದು ಅಳುತ್ತಾ ಕೂರುವುದಕ್ಕಿಂತ, ಸಂಬಂಧಿಕರ ಮನಸ್ಸಿನ ಮೇಲೆ ಒಬ್ಬಳ ಓದು ನಿಲ್ಲಬಾರದು ಎನ್ನುವುದು ಸರಿಯಾದ ಮಾತು.

ಈಗ ನಿಯಮಗಳು ಆಗಿನದಕ್ಕಿಂತ ಹೆಚ್ಚು ಅನುಕೂಲಕರವಾಗಿವೆ. 2015ರಲ್ಲಿ ಶಿಕ್ಷಣ ಸಾಲಗಳಿಗಾಗಿ ಒಂದು ಸಾಲ ಖಾತರಿ ನಿಧಿ ಬಂತು. 7,50,000 ರೂಪಾಯಿವರೆಗಿನ ಸಾಲವನ್ನು ಅಡಮಾನವಿಲ್ಲದೆ, ಮೂರನೆಯವರ ಜಾಮೀನಿಲ್ಲದೆ ಕೊಟ್ಟರೆ, ಅದು ವಸೂಲಾಗದೆ ಹೋದಾಗ ಬಾಕಿಯ ಶೇಕಡಾ 75ರಷ್ಟನ್ನು ಆ ನಿಧಿ ಬ್ಯಾಂಕಿಗೆ ಭರಿಸುತ್ತದೆ. ಐದು ಮನೆಗಳಲ್ಲಿ ನಾವು ಹುಡುಕಿದ ಶೂರಿಟಿಯ ಜಾಗದಲ್ಲಿ ಸರ್ಕಾರವೇ ನಿಂತಿದೆ ಎಂದರ್ಥ. ಅದೇ ವರ್ಷ ವಿದ್ಯಾಲಕ್ಷ್ಮಿ ಎಂಬ ಜಾಲತಾಣವೂ ಆರಂಭವಾಯಿತು. ಒಂದೇ ಅರ್ಜಿಯನ್ನು ಹಲವು ಬ್ಯಾಂಕುಗಳಿಗೆ ಅಲ್ಲಿಂದ ಕಳುಹಿಸಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇನ್ನೂ ಮುಂದೆ ಹೋಗಿ, ರ್‍ಯಾಂಕಿಂಗ್ ಆಧಾರದಲ್ಲಿ ಆಗ ಆರಿಸಿದ 860 ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವೂ ಜಾಮೀನುದಾರನೂ ಇಲ್ಲದ ಸಾಲ ಎಂದು ಸಾರಿದೆ. 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಓದಿನ ಅವಧಿಗೆ ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಆದರೆ ನಮ್ಮ ಮಕ್ಕಳು ಹೋಗುವ ಹಲವು ಸಣ್ಣ ಖಾಸಗಿ ಕಾಲೇಜುಗಳು ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು, ಕಾಲೇಜನ್ನು ಆರಿಸಿ ಬಳಿಕ ಸಾಲ ಹುಡುಕಬೇಡಿ, ಪಟ್ಟಿಯನ್ನು ನೋಡಿ ಬಳಿಕ ಕಾಲೇಜನ್ನು ಆರಿಸಿ ಎಂದು.

ನಿಯಮ ಇರುವುದಕ್ಕೂ ಅದು ಕೌಂಟರಿನಲ್ಲಿ ನಡೆಯುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಕಳೆದ ವರ್ಷ ಮತ್ತೆ ಕಂಡೆ. ನನ್ನ ವಿದ್ಯಾರ್ಥಿನಿ ಒಬ್ಬಳಿಗೆ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ಅವಳ ತಾಯಿಯೂ ಬೀಡಿ ಕಟ್ಟುವವರು. ತಂದೆ ಮನೆ ಬಿಟ್ಟು ಹೋಗಿ ಬಹಳ ಕಾಲವಾಗಿದೆ. ಬೇಕಾದದ್ದು 3,80,000 ರೂಪಾಯಿ. ಊರಿನ ಶಾಖೆಯವರು, ಕಾಲೇಜು ಕರ್ನಾಟಕದಲ್ಲಿದೆ, ಅಲ್ಲಿಯ ಶಾಖೆಯಲ್ಲಿ ಕೇಳಿ ಎಂದರು. ಅಲ್ಲಿಗೆ ಹೋದರೆ, ನಿಮ್ಮ ಮನೆ ಕೇರಳದಲ್ಲಿದೆ, ನಿಮ್ಮ ಊರಿನ ಶಾಖೆಯಲ್ಲಿಯೇ ಕೇಳಬೇಕು ಎಂದರು. ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ಗೇಟನ್ನು ಆ ತಾಯಿ ಮಗಳು ಮೂರು ಸಲ ದಾಟಿದರು. ಒಂದೊಂದು ಸಲವೂ ಒಂದು ದಿನದ ಬೀಡಿ ಕೈತಪ್ಪಿತು. ಮನೆ ತಮ್ಮ ಶಾಖೆಯ ಸೇವಾ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಸೂಚನೆ ಕೊಟ್ಟಿದೆ. ಗಡಿಯಲ್ಲಿ ಬದುಕುವವರಿಗೆ ಇದಕ್ಕಿಂತ ಉಪಯೋಗದ ಸೂಚನೆ ಇನ್ನೊಂದಿಲ್ಲ, ಆದರೆ ಗಡಿಯಲ್ಲಿ ಬದುಕುವ ಯಾರೂ ಇದನ್ನು ಕೇಳಿದ ಹಾಗಿಲ್ಲ.

ಬಳಿಕ ಅದೇ ಹಳೆಯ ಪ್ರಶ್ನೆ ಬಂತು. ಶೂರಿಟಿ ಯಾರು?

ಈ ಸಲ ನಾನು ಜೊತೆಗಿದ್ದೆ. ನಾಲ್ಕು ಲಕ್ಷದ ಒಳಗಿನ ಸಾಲ, ತಾಯಿ ಜೊತೆ ಸಾಲಗಾರರು, ಬೇರೆ ಯಾರೂ ಬೇಡ ಎಂದು ಹೇಳಿದೆ. ತಾಯಿಯ ಹೆಸರಿನಲ್ಲಿ ಹಳೆಯ ಚಿನ್ನದ ಸಾಲವೊಂದು ತಡವಾಗಿ ತೀರಿದೆ, ಸಿಬಿಲ್ ಸ್ಕೋರ್ (ಹಳೆಯ ಸಾಲಗಳನ್ನು ತೀರಿಸಿದ ರೀತಿಯನ್ನು ನೋಡಿ ಕೊಡುವ ಅಂಕ) ಕಡಿಮೆ ಇದೆ ಎಂದರು. ಪೋಷಕರ ಸ್ಕೋರ್ ಕಡಿಮೆ ಇದೆಯೆಂದು ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟ್ 2020ರಲ್ಲಿ ಹೇಳಿದೆ. ವಿದ್ಯಾರ್ಥಿಯದೇ ಸ್ಕೋರ್ ಕಡಿಮೆ ಇದ್ದಾಗಲೂ ಅದೊಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದು ಎಂದು 2023ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ನಾನು ಇವೆರಡನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಜಗಳವಾಡಲಿಲ್ಲ. ಕೊಡಲಾಗದಿದ್ದರೆ ಕಾರಣವನ್ನು ಬರೆದು ಕೊಡಿ ಎಂದು ಮಾತ್ರ ಕೇಳಿದೆ. ಶಿಕ್ಷಣ ಸಾಲವನ್ನು ಶಾಖೆಯವರು ತಾವೇ ತಿರಸ್ಕರಿಸುವಂತಿಲ್ಲ. ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನ ಇಲ್ಲ ಎಂಬುದಕ್ಕೆ ಯಾರೂ ಉತ್ತರಿಸಬೇಕಾಗಿಲ್ಲ, ಬರೆದ ಇಲ್ಲ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ. ಅವರು ಬರೆದು ಕೊಡಲಿಲ್ಲ. ವಿದ್ಯಾಲಕ್ಷ್ಮಿಯ ಮೂಲಕವೂ ಅರ್ಜಿ ಹಾಕಿದೆವು. ನಲವತ್ತು ದಿನಗಳ ಬಳಿಕ ಸಾಲ ಮಂಜೂರಾಯಿತು. ಆ ಶಾಖೆಯ ಅಧಿಕಾರಿ ಕೊನೆಗೆ ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡಿದರೆಂಬುದನ್ನೂ ಹೇಳಬೇಕು; ತಾಯಿಗೆ ಅರ್ಥವಾಗುವ ಹಾಗೆ ಒಪ್ಪಂದದ ಪ್ರತಿ ಪುಟವನ್ನೂ ತುಳುವಿನಲ್ಲಿ ವಿವರಿಸಿದರು.

ಸಾಲ ಸಿಗುವುದೇ ಗೆಲುವು ಎಂದು ನಾನು ಭಾವಿಸುವುದಿಲ್ಲ, ಗಣಿತ ಕಲಿಸುವವಳಾಗಿ ಭಾವಿಸಲೂ ಬಾರದು. ಸಾಲ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಹುಡುಗಿಯ ಕೈಯಲ್ಲಿ ಒಂದು ಲೆಕ್ಕ ಮಾಡಿಸಿದೆ. ನಾಲ್ಕು ವರ್ಷ, ಲೆಕ್ಕದ ಸುಲಭಕ್ಕೆ ವರ್ಷಕ್ಕೆ 1,00,000 ರೂಪಾಯಿಯಂತೆ ಪಡೆದರೆ, ಬಡ್ಡಿ ಶೇಕಡಾ 10 ಎಂದಿಟ್ಟುಕೊಂಡರೆ, ಕೋರ್ಸು ಮುಗಿದು ಒಂದು ವರ್ಷ ಕಳೆಯುವಾಗ ಮೊದಲ ಲಕ್ಷಕ್ಕೆ ಐದು ವರ್ಷದ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು ವರ್ಷದ ಸರಳ ಬಡ್ಡಿ ಸೇರುತ್ತದೆ. ಒಟ್ಟು 1,40,000. ಬಡ್ಡಿ ಸಹಾಯ ಸಿಗದಿದ್ದರೆ ತೀರಿಸಲು ಆರಂಭಿಸುವ ದಿನ ಸಾಲ 5,40,000 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 7,100 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತ ಬಂದರೆ ಅಷ್ಟರ ಮಟ್ಟಿಗೆ ಭಾರ ಇಳಿಯುತ್ತದೆ. ಅವಳು ಈ ಅಂಕೆಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಮ್ಮನಿರಬೇಕಾದ ಅಂಕೆಗಳೇ ಅವು.

ಆದ್ದರಿಂದ ಸಾಲವನ್ನು ಸಣ್ಣದು ಮಾಡುವ ಕೆಲಸ ಸಾಲ ಕೇಳುವುದಕ್ಕಿಂತ ಮೊದಲು ಬರಬೇಕು. ನಮ್ಮ ಕಡೆಯ ಎಷ್ಟೋ ತಾಯಂದಿರ ಹತ್ತಿರ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆ, ಆದರೆ ಅದು ಆಸ್ಪತ್ರೆಗೆ ಮಾತ್ರ ಎಂದುಕೊಂಡಿದ್ದಾರೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ ಕೊಡುವ ವಿದ್ಯಾರ್ಥಿವೇತನ ಒಂದನೆಯ ತರಗತಿಯಿಂದಲೇ ಇದೆ. ವೃತ್ತಿಪರ ಕೋರ್ಸುಗಳಿಗೆ ಈಗ ವರ್ಷಕ್ಕೆ 25,000 ರೂಪಾಯಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನನ್ನ ಬಿ.ಎಸ್ಸಿ.ಯ ಪುಸ್ತಕಗಳು ಆ ಹಣದಿಂದ ಬಂದವು, ಆಗ ಮೊತ್ತ ಬಹಳ ಕಡಿಮೆ ಇತ್ತು. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರುವ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ ಪಡೆದ, 4,50,000ಕ್ಕಿಂತ ಕಡಿಮೆ ಆದಾಯದ ಮನೆಯವರಿಗೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನದಲ್ಲಿ ಪದವಿಯ ಮೊದಲ ಮೂರು ವರ್ಷ 12,000 ರೂಪಾಯಿಯಂತೆ ಸಿಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಶೂರಿಟಿ ಬೇಡ, ಯಾವುದನ್ನೂ ತೀರಿಸಬೇಕಾಗಿಲ್ಲ. ಬೇಕಾದದ್ದು ಆದಾಯ ಪ್ರಮಾಣಪತ್ರ, ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಅರ್ಜಿಗಳನ್ನು ಹಾಕಿಕೊಡುವ ಕೇರಳದ ಕೇಂದ್ರ) ಒಂದು ಮಧ್ಯಾಹ್ನ, ಮತ್ತು ಕೊನೆಯ ದಿನಾಂಕವನ್ನು ನೆನಪಿಡುವ ಒಬ್ಬರು.

ಆದಾಯ ಪ್ರಮಾಣಪತ್ರ ಎಂದಾಗ ಒಂದು ಮಾತು. ಇಲ್ಲಿ ವಿಲೇಜ್ ಆಫೀಸಿನಿಂದ ಬರುವ ಕಾಗದ ಹಲವು ಸಲ ಮಲಯಾಳದಲ್ಲಿರುತ್ತದೆ, ಗಡಿಯಾಚೆಯ ಕಾಲೇಜಿನ ಕಚೇರಿಯಲ್ಲಿ ಅದನ್ನು ಓದುವವರಿರುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಗೆರೆ ಬಿದ್ದಾಗ ನಮ್ಮ ಹಿರಿಯರು ಕಳೆದುಕೊಂಡದ್ದರ ಬಗ್ಗೆ ವೇದಿಕೆಗಳಲ್ಲಿ ಬಹಳ ಮಾತು ನಡೆಯುತ್ತದೆ. ಆ ಗೆರೆ ಈಗಲೂ ಹದಿನೆಂಟು ವರ್ಷದ ಹುಡುಗಿಯ ಕಡತದಲ್ಲಿ ಅನುವಾದದ, ನೋಟರಿಯ, ಇನ್ನೊಂದು ದಿನದ ರಜೆಯ ಖರ್ಚಾಗಿ ಬರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಅರ್ಜಿ ಹಾಕುವಾಗಲೇ ಇಂಗ್ಲಿಷಿನಲ್ಲಿ ಕೊಡಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಗಡಿಯಿಂದ ಸಿಗುವ ಒಂದು ಅನುಕೂಲವೂ ಇದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ವಿಭಾಗವಿದೆ. ಅದಕ್ಕಾಗಿ ಕನ್ನಡ ಭಾಷೆಯ ಪರೀಕ್ಷೆಯೊಂದನ್ನು ಬರೆಯಬೇಕು. ಸರ್ಕಾರಿ ಕೋಟಾದ ಸೀಟಿನ ಫೀಸಿಗೂ ಅದೇ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಫೀಸಿಗೂ ಇರುವ ಅಂತರ ಎಷ್ಟೋ ವೇಳೆ ಇಡೀ ಸಾಲದ ಮೊತ್ತದಷ್ಟೇ ಇರುತ್ತದೆ. 2009ರಲ್ಲಿ ನನಗೆ ಇದೂ ಗೊತ್ತಿರಲಿಲ್ಲ.

ವಿದೇಶಕ್ಕೆ ಹೋಗಲು ಬಯಸುವವರೂ ಈಗ ಕೇಳುತ್ತಾರೆ. ಅಮೆರಿಕದಲ್ಲಿ ಅಲ್ಲಿಯ ಪ್ರಜೆಗಳಾದ ಪದವಿ ವಿದ್ಯಾರ್ಥಿಗಳು ಫೆಡರಲ್ ಸರ್ಕಾರದ ನೇರ ಸಾಲವನ್ನು ತಮ್ಮ ಸಹಿಯೊಂದರಿಂದಲೇ ಪಡೆಯಬಹುದು. ತಂದೆ ತಾಯಿಯನ್ನು ಅವಲಂಬಿಸಿದ ಮೊದಲ ವರ್ಷದವರಿಗೆ ಅದರ ಮಿತಿ 5,500 ಡಾಲರ್. ಖಾಸಗಿ ಸಾಲಕ್ಕೆ ಹೋದರೆ ಅಲ್ಲಿಯೂ ಜೊತೆಗೆ ಸಹಿ ಹಾಕುವವರನ್ನು ಕೇಳುತ್ತಾರೆ. ನಮ್ಮಲ್ಲಿಂದ ಹೋಗುವವರಿಗೆ ಫೆಡರಲ್ ಸಾಲ ಇಲ್ಲ. ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್ ಎಂಬ ಸಂಸ್ಥೆಗಳು ವಿದ್ಯಾರ್ಥಿಯ ಮುಂದಿನ ಗಳಿಕೆಯನ್ನು ಅಂದಾಜು ಮಾಡಿ, ಜಾಮೀನುದಾರನಿಲ್ಲದೆ, ಆರಿಸಿದ ಕಾಲೇಜುಗಳಿಗೆ ಸೇರುವವರಿಗೆ ಸಾಲ ಕೊಡುತ್ತವೆ. ಸಾಲ ಡಾಲರಿನಲ್ಲಿ ಇರುತ್ತದೆ, ಕೆಲಸ ಸಿಗದೆ ಊರಿಗೆ ಮರಳಿದರೆ ರೂಪಾಯಿಯಲ್ಲಿ ಗಳಿಸಿ ಡಾಲರಿನಲ್ಲಿ ತೀರಿಸಬೇಕು. ತೋಟವಿಲ್ಲದ ಮನೆಯ ಮಕ್ಕಳಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಜಾಮೀನಿಲ್ಲದ ಮನೆಯಲ್ಲಿ ನಿಜವಾಗಿ ಜಾಮೀನು ನಿಲ್ಲುವವರು ಯಾರು ಎಂದು ಕೆಲವೊಮ್ಮೆ ಯೋಚಿಸುತ್ತೇನೆ. ನನ್ನ ಕಾಲೇಜಿನ ಮೊದಲ ವರ್ಷ ಅಮ್ಮ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಯೋಜನೆಯ) ತಮ್ಮ ಗುಂಪಿನಿಂದ 5,000 ರೂಪಾಯಿ ಆಂತರಿಕ ಸಾಲ ಪಡೆದರು. ಆ ಗುಂಪಿನಲ್ಲಿದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಹೆಸರಿನಲ್ಲಿ ಭೂಮಿ ಇರಲಿಲ್ಲ. ಅವರು ವಾರದ ಕೂಟದಲ್ಲಿ ಕುಳಿತು, ಇವಳು ಬೀಡಿ ಕಟ್ಟುತ್ತಾಳೆ, ಕಂತು ತಪ್ಪಿಸುವವಳಲ್ಲ ಎಂದು ತೀರ್ಮಾನಿಸಿದರು. ತೀರ್ವೆ ರಶೀದಿ ಕೇಳಲಿಲ್ಲ. ಅಮ್ಮ ಒಂದು ಕಂತೂ ತಪ್ಪಿಸಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ಬೀಡಿ ಕಟ್ಟಿದವರಿಗೆ ಒಬ್ಬರ ಬಗ್ಗೆ ಇರುವ ತಿಳಿವಳಿಕೆಯನ್ನು ಬ್ಯಾಂಕಿನ ಯಾವ ಕಾಲಮ್ಮಿನಲ್ಲಿಯೂ ತುಂಬಿಸಲು ಬರುವುದಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ನರ್ಸಿಂಗ್ ಓದುತ್ತಿರುವ ಹುಡುಗಿ ಮೊದಲ ವರ್ಷ ಮುಗಿಸಿದ್ದಾಳೆ. ಎರಡನೆಯ ವರ್ಷದ ಕಂತು ತಾನಾಗಿ ಬರುವುದಿಲ್ಲ. ಅಂಕಪಟ್ಟಿಯನ್ನೂ ಕಾಲೇಜಿನ ಫೀಸಿನ ಬೇಡಿಕೆ ಪತ್ರವನ್ನೂ ಶಾಖೆಗೆ ಕೊಟ್ಟು ಕೇಳಬೇಕು. ಬೇಡಿಕೆ ಪತ್ರ ಬಂದಿದೆ, ಅಂಕಪಟ್ಟಿ ಈ ವಾರ ಬರುತ್ತದಂತೆ. ಮುಂದಿನ ಮಂಗಳವಾರ ಅವಳ ತಾಯಿಗೆ ಬ್ರಾಂಚಿಗೆ ಬೀಡಿ ಕೊಡುವ ದಿನವಲ್ಲ, ನನಗೂ ಮಧ್ಯಾಹ್ನದ ಮೇಲೆ ತರಗತಿ ಇಲ್ಲ. ಮೂವರೂ ಒಟ್ಟಿಗೆ ಹೋಗುವುದೆಂದು ಮಾತಾಗಿದೆ.